ಹತ್ತಿಗಾಡಿಯ ಹಾದಿ

ನವಲಗುಂದ, ಹುಬ್ಬಳ್ಳಿ, ಕಲಘಟಗಿಯ ಹಾದಿ ನಮಗೆ ಸಂತೆಯ ಹಾದಿ. ನಕಾಶೆಯಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗ್ರೂರಿನಿಂದ ಹೊರಟು, ಸೊಲ್ಲಾಪುರ, ವಿಜಯಪುರಗಳ ಮೇಲೆ ಬಂದು, ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. 2010ರಲ್ಲಿ ಹೊಸ ಸಂಖ್ಯೆ ಬರುವ ಮುನ್ನ ನವಲಗುಂದದ ಭಾಗ 218, ಕಲಘಟಗಿಯದು 63. ಅಣ್ಣಿಗೇರಿಯ ರಸ್ತೆಯೂ 63 ಆಗಿತ್ತು; ಈಗ 67.

ಸಂಖ್ಯೆ ಹೊಸದು, ಕರಾವಳಿಯ ನಂಟು ಹಳೆಯದು. 1861ರ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬೆಲೆ ಏರಿತು. ಕುಮಟಾ, ಕಾರವಾರದ ಬಂದರುಗಳಿಗೆ ಎತ್ತಿನ ಗಾಡಿಗಳು ಘಟ್ಟ ಇಳಿದವು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಕುಸಿಯಿತು.

ಮಕ್ಕಳೇ, ಕಿಲೋಮೀಟರ್ ಕಲ್ಲನ್ನು ಓದಿ ನೋಡಿ. ಪಾಲಕರೇ, ಜೊತೆಗೆ ನಿಂತು ಹೇಳಿ: ರಸ್ತೆ ಮಾಲನ್ನಷ್ಟೇ ಒಯ್ಯುವುದಿಲ್ಲ, ದೂರದೂರಿನ ಏರಿಳಿತವನ್ನೂ ನಮ್ಮ ಎರೆಹೊಲಕ್ಕೆ ತರುತ್ತದೆ.