ಬೆಲ್ಲದ ಕೊಳೆಗೂ ಲಾಗರ್ ಕೆಗ್ಗಿಗೂ ಒಂದೇ ಸೆಕ್ಷನ್ನೇ?

ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಸುದ್ದಿ ಮಾಡುವ ನಮ್ಮೆಲ್ಲರ ವಾಟ್ಸಾಪಿಗೂ ಬರುವ ಪ್ರೆಸ್‌ನೋಟ್ ಒಂದಿದೆ. ಅಬಕಾರಿ ದಾಳಿ, ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ, ಇಷ್ಟು ಲೀಟರ್ ಕಳ್ಳಭಟ್ಟಿ ವಶ, ಆರೋಪಿ ಪರಾರಿ. ಒಂದು ಕಾಲಂ ಸುದ್ದಿ, ಫೋಟೋ ಇದ್ದರೆ ಎರಡು ಕಾಲಂ. ಆ ದಾಳಿಗಳ ಬಗ್ಗೆ ನಮಗೆ ತಕರಾರಿಲ್ಲ. ತಕರಾರು ಇರುವುದು ಕಾಯ್ದೆಯ ಬಗ್ಗೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಯಾವ ಮದ್ಯವನ್ನೂ ತಯಾರಿಸುವಂತಿಲ್ಲ. ಹಳ್ಳದ ದಂಡೆಯಲ್ಲಿ ಕೊಳೆ ಕಾಯಿಸಿ ಭಟ್ಟಿ ಇಳಿಸುವವನೂ, ಮನೆಯ ಫ್ರಿಜ್ಜಿನಲ್ಲಿ 19 ಲೀಟರ್ ಬಿಯರ್ ಇಟ್ಟು ಎರಡು ತಿಂಗಳು ಕಾಯುವವನೂ ಅದರ ಕಣ್ಣಿಗೆ ಒಂದೇ. ಇದು ಸರಿಯಲ್ಲ ಎಂಬುದು ನಮ್ಮ ವಾದ.

ಎರಡನೆಯವನು ಏನು ಮಾಡುತ್ತಾನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಅದು ಗೊತ್ತಿಲ್ಲದೆ ಚರ್ಚೆ ಮಾಡಿ ಪ್ರಯೋಜನವಿಲ್ಲ.

ಲಾಗರ್ ಎಂಬ ಜರ್ಮನ್ ಪದಕ್ಕೆ ದಾಸ್ತಾನು, ಉಗ್ರಾಣ ಎಂದರ್ಥ. ಹೆಸರಿನಲ್ಲೇ ಕೆಲಸ ಇದೆ. ಇದರ ಯೀಸ್ಟು 10ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತದೆ. ಹುದುಗು ಮುಗಿಯುತ್ತ ಬಂದಾಗ 16-18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುತ್ತಾರೆ. ಡೈಅಸಿಟೈಲ್ ಎಂಬ ವಸ್ತುವಿನಿಂದ ಬರುವ ಬೆಣ್ಣೆ ವಾಸನೆಯನ್ನು ಯೀಸ್ಟೇ ತಿಂದು ಮುಗಿಸಲಿ ಎಂದು. ಆಮೇಲೆ ಬಿಯರನ್ನು ಕೆಗ್ಗಿಗೆ ಇಳಿಸಿ, ಮುಚ್ಚಳ ಬಿಗಿದು, ಇಂಗಾಲದ ಡೈಆಕ್ಸೈಡ್ ಬಿಟ್ಟು, ಮೇಲಿನ ವಾಲ್ವ್ ನಾಲ್ಕೈದು ಸಲ ಎಳೆದು ಒಳಗಿನ ಗಾಳಿಯನ್ನೆಲ್ಲ ಹೊರಹಾಕುತ್ತಾರೆ. ಆಮ್ಲಜನಕ ಉಳಿದರೆ ಬಿಯರ್ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಇಷ್ಟಾದ ಮೇಲೆ ಒಂದರಿಂದ ನಾಲ್ಕು ಡಿಗ್ರಿಯ ಥಂಡಿಯಲ್ಲಿ ನಾಲ್ಕರಿಂದ ಎಂಟು ವಾರ ಕಾಯುವುದು. ಯೀಸ್ಟು ತಳ ಸೇರುತ್ತದೆ, ಮಬ್ಬು ತಿಳಿಯಾಗುತ್ತದೆ, ಗಂಧಕದ ಕಮಟು ಹೋಗುತ್ತದೆ. ಅವಸರದವರಿಗೆ ಹೇಳಿಸಿದ ಹವ್ಯಾಸ ಅಲ್ಲವೇ ಅಲ್ಲ.

ಇನ್ನು ಗ್ಯಾಸು. ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ, ಬಸ್‌ಸ್ಟ್ಯಾಂಡ್ ಪಕ್ಕದ ಗೋಲಿಸೋಡಾ ಮಾಡುವವರನ್ನು ಕೇಳಿದರೆ ಸಾಕು. ನೀರು ತಣ್ಣಗಿದ್ದಷ್ಟೂ ಗ್ಯಾಸು ಚೆನ್ನಾಗಿ ಹಿಡಿಯುತ್ತದೆ. ಲಾಗರಿಗೆ ಒಂದು ಲೀಟರಿಗೆ ಸುಮಾರು ಎರಡೂವರೆ ಲೀಟರ್ ಗ್ಯಾಸು ಕರಗಿ ಕೂರಬೇಕು. ಮೂರು ಡಿಗ್ರಿ ಥಂಡಿಯಲ್ಲಿ ಅದಕ್ಕೆ 11-12 ಪಿಎಸ್‌ಐ ಒತ್ತಡ ಸಾಕು, ಬೈಕಿನ ಟಯರಿಗೆ ಹಾಕುವ ಗಾಳಿಯ ಅರ್ಧಕ್ಕಿಂತ ಕಡಿಮೆ. ಅದೇ ಬಿಯರ್ 25 ಡಿಗ್ರಿಯಲ್ಲಿದ್ದರೆ ಹೆಚ್ಚುಕಡಿಮೆ ಮೂರು ಪಟ್ಟು ಒತ್ತಡ ಬೇಕು. ಥಂಡಿಯಲ್ಲಿ ರೆಗ್ಯುಲೇಟರ್ ತಿರುಗಿಸಿಟ್ಟು ಒಂದೆರಡು ವಾರ ಬಿಟ್ಟರೆ ಗ್ಯಾಸು ತಾನಾಗಿ ಹಿಡಿಯುತ್ತದೆ. ತಡೆಯಲಾರದವರು 30 ಪಿಎಸ್‌ಐ ಕೊಟ್ಟು ಕೆಗ್ಗನ್ನು ಅಲ್ಲಾಡಿಸುತ್ತಾರೆ. ಸೋಡಾ ಮಿಷನ್ ಬಾಟಲಿಗಳನ್ನು ಗಿರಗಿರ ತಿರುಗಿಸುವುದೂ ಇದೇ ಉಪಾಯ. ಸೋಡಾಕ್ಕೆ ಅದು ಸರಿ. ಆರು ವಾರ ಕಾದು ತಿಳಿಗೊಳಿಸಿದ ಲಾಗರನ್ನು ಅಲ್ಲಾಡಿಸಿ ತಳದ ಯೀಸ್ಟನ್ನೆಲ್ಲ ಎಬ್ಬಿಸುವುದು, ನಮ್ಮ ಪ್ರಕಾರ, ಮಾಡಿದ ಕೆಲಸಕ್ಕೆ ತಾನೇ ನೀರು ಹುಯ್ದಂತೆ.

ಕೆಗ್ಗಿನ ಕಥೆಯೂ ಸೋಡಾದ್ದೇ. ಹವ್ಯಾಸಿಗಳು ಬಳಸುವ 19 ಲೀಟರಿನ ಸ್ಟೀಲ್ ಕೆಗ್ಗನ್ನು ಮಾಡಿದ್ದು ಅಮೆರಿಕದ ತಂಪು ಪಾನೀಯ ಕಂಪನಿಗಳ ಸಿರಪ್ಪಿಗಾಗಿ. ಆ ಕಂಪನಿಗಳು ಡಬ್ಬಿಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಹೋದಾಗ ಹಳೆ ಕೆಗ್ಗುಗಳು ಗುಜರಿ ಬೆಲೆಗೆ ಮನೆ ಬಿಯರಿನವರ ಕೈಗೆ ಬಂದವು.

ಹಾಗಾದರೆ ಅಪಾಯ ಎಲ್ಲಿದೆ? ಒತ್ತಡದಲ್ಲಿದೆ. ಸಕ್ಕರೆ ಹಾಕಿ ಬಾಟಲಿಯಲ್ಲೇ ಗ್ಯಾಸು ಹುಟ್ಟಿಸಲು ಹೋದಾಗ ಲೆಕ್ಕ ತಪ್ಪಿದರೆ ಬಾಟಲಿ ಸಿಡಿಯುತ್ತದೆ. ಕೆಗ್ಗಿಗಾದರೆ ಸೇಫ್ಟಿ ವಾಲ್ವ್ ಇರುತ್ತದೆ. ಆದರೆ ಸಿಲಿಂಡರಿನೊಳಗೆ ನಮ್ಮ ಬೇಸಿಗೆಯಲ್ಲಿ ಒತ್ತಡ 1000 ಪಿಎಸ್‌ಐ ದಾಟುತ್ತದೆ, ರೆಗ್ಯುಲೇಟರ್ ಇಲ್ಲದೆ ಜೋಡಿಸುವವರು ಇನ್ಶೂರೆನ್ಸ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಮುಚ್ಚಿದ ಕೋಣೆಯಲ್ಲಿ ಗ್ಯಾಸು ಸೋರಿದರೆ ಉಸಿರುಗಟ್ಟಿ ಜೀವವೇ ಹೋಗಬಹುದು. ಇವೆಲ್ಲ ನಿಜವಾದ ಅಪಾಯಗಳೇ. ಆದರೆ ಕಳ್ಳಭಟ್ಟಿಯದು ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ಬೆಂಗಳೂರು-ಕೋಲಾರ-ಹೊಸೂರು ಭಾಗದಲ್ಲಿ ನೂರಾರು ಬಡವರನ್ನು ಕೊಂದದ್ದು ಮೆಥನಾಲ್. ಬಾರ್ಲಿ ಮಾಲ್ಟನ್ನು ಬರೀ ಹುದುಗಿಸಿದರೆ ಕೊಲ್ಲುವಷ್ಟು ಮೆಥನಾಲ್ ಬರುವುದಿಲ್ಲ. ವಿಷದ ಅಪಾಯಕ್ಕೆ ಒಂದು ಕಾನೂನು, ಒತ್ತಡದ ಅಪಾಯಕ್ಕೆ ಇನ್ನೊಂದು ಕಾನೂನು ಬೇಕು. ಈಗ ಇರುವುದು ಎರಡನ್ನೂ ನೋಡದೆ ಲೈಸೆನ್ಸ್ ಮಾತ್ರ ಕೇಳುವ ಕಾನೂನು.

ನಮ್ಮ ಓದುಗರಲ್ಲಿ ಹಲವರು ಇಲ್ಲಿಗೆ ಸಿಟ್ಟಾಗಿರುತ್ತಾರೆ. ಹಳ್ಳಿ ಮನೆಗಳನ್ನು ಕುಡಿತ ಹಾಳು ಮಾಡುತ್ತಿರುವಾಗ ಇದೇನು ಬಿಯರ್ ವಕಾಲತ್ತು ಎಂದು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಕೇಳುತ್ತ ನಡೆದದ್ದು ಸುಮ್ಮನೆ ಅಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಆದರೆ ಆ ಜಾಗಕ್ಕೆ 90 ಎಂ.ಎಲ್. ಪೊಟ್ಟಣ ಬಂತು. ಆ ಹೆಂಗಸರ ಮನೆಯ ಕೂಲಿ ದುಡ್ಡು ಹೋಗುತ್ತಿರುವುದು ಆ ಲೈಸೆನ್ಸ್ ಇರುವ ಪೊಟ್ಟಣಕ್ಕೆ, ಕೆಲವು ಕಡೆ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ ಅದೇ ಪೊಟ್ಟಣಕ್ಕೆ. ಸಂಜೆ ಆರಕ್ಕೆ ಕುಡಿಯಬೇಕಾದವನು ಫ್ರಿಜ್ಜಿಟ್ಟು, ಸಿಲಿಂಡರ್ ತಂದು, ಎರಡು ತಿಂಗಳು ಲಾಗರ್ ಕಾಯುತ್ತಾನೆಂದು ನಂಬುವುದು ಕಷ್ಟ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಊರುಗಳಲ್ಲಂತೂ ಎರಡು ಡಿಗ್ರಿ ಹಿಡಿದಿಡುವುದೇ ಆಗದ ಮಾತು.

ಸರ್ಕಾರಕ್ಕೂ ಬಿಯರ್ ಬಗ್ಗೆ ನೈತಿಕ ಆಕ್ಷೇಪವೇನೂ ಇಲ್ಲ. ಇದ್ದಿದ್ದರೆ ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಅನುಮತಿ ಸಿಗುತ್ತಿರಲಿಲ್ಲ. ಅಲ್ಲಿ ಗಾಜಿನ ಹಿಂದೆ ಹೊಳೆಯುವ ಟ್ಯಾಂಕುಗಳಲ್ಲಿ ನಡೆಯುವುದೂ ಇದೇ ತಂಪು, ಇದೇ ಕಾಯುವಿಕೆ, ಇದೇ ಗ್ಯಾಸು. ದೊಡ್ಡ ಜಾಗ, ದೊಡ್ಡ ಬಂಡವಾಳ ಇದ್ದವರಿಗೆ ಕರಕುಶಲ, ಇಲ್ಲದವರಿಗೆ ಕ್ರಿಮಿನಲ್ ಕೇಸು.

ಬೇರೆಯವರು ದಾರಿ ಕಂಡುಕೊಂಡಿದ್ದಾರೆ. ಬ್ರಿಟನ್ 1963ರಲ್ಲೇ ಮನೆ ಬಿಯರಿಗೆ ಲೈಸೆನ್ಸ್ ಬೇಡ ಎಂದಿತು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮ ಬ್ಯಾಚಿನವನೊಬ್ಬನ ಅಣ್ಣ ಅಲ್ಲಿ ಗ್ಯಾರೇಜಿನಲ್ಲಿ ಧೈರ್ಯವಾಗಿ ಮಾಡುವುದನ್ನೇ ರಜೆಗೆ ಊರಿಗೆ ಬಂದು ಮಾಡಿದರೆ ಬೆಲ್ಲದ ಕೊಳೆಯವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕಾಗುತ್ತದೆ.

ನಾವು ಕೇಳುತ್ತಿರುವುದು ಅಮೆರಿಕದಷ್ಟಲ್ಲ. ಒಂದು ಮನೆಗೆ ತಿಂಗಳಿಗೆ ಒಂದು ಕೆಗ್ಗು, ಹುದುಗಿಸಿದ್ದು ಮಾತ್ರ, ಭಟ್ಟಿ ಇಳಿಸಿದರೆ ಈಗಿನಂತೆಯೇ ಕೇಸು, ಒಂದು ಲೋಟ ಮಾರಿದರೂ ಕೇಸು. ತಾಲ್ಲೂಕು ಅಬಕಾರಿ ಕಚೇರಿಯಲ್ಲಿ ಒಂದು ಪುಟದ ನೋಂದಣಿ. ಸಿಲಿಂಡರಿಗೆ ಪರೀಕ್ಷೆಯ ಮುದ್ರೆ, ಗ್ಯಾಸು ವೆಲ್ಡಿಂಗ್ ಅಂಗಡಿಯದ್ದಲ್ಲದೆ ಆಹಾರ ದರ್ಜೆಯದ್ದು, ಕೆಗ್ಗಿಗೆ ಸೇಫ್ಟಿ ವಾಲ್ವ್, ಸಿಲಿಂಡರ್ ಇಟ್ಟ ಕೋಣೆಗೆ ಕಿಟಕಿ. ತಪಾಸಣೆಗೆ ಬಂದವರು ಮೊದಲು ನೋಡಬೇಕಾದದ್ದು ಆ ಕಿಟಕಿಯನ್ನು.