ಎರೆಯ ಮೇಲಿನ ಜಲ್ಲಿ

ಮುಂಗಾರಿನ ಒಂದು ಹದವಾದ ಮಳೆ ಬಿದ್ದ ಮರುದಿನ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಎರೆನೆಲದಲ್ಲಿ ಕಟ್ಟಿದ ಮನೆಯೊಂದರ ಮುಂದೆ ನಿಂತು ನೋಡಬೇಕು. ರಸ್ತೆಯಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಚಪ್ಪಲಿಯ ಅಡಿಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ. ಬೈಕಿನ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಕಡ್ಡಿ ಹಿಡಿದು ಅದನ್ನು ಕೆದರುತ್ತ ಕೂತಾಗಲೇ ಮನೆಯ ಯಜಮಾನನ ಬಾಯಲ್ಲಿ ಆ ಮಾತು ಬರುವುದು: ‘ಈ ಸಲ ಒಂದು ಟ್ರ್ಯಾಕ್ಟರ್ ಜಲ್ಲಿ ಹೊಡಿಸಿಬಿಡೋಣ.’

ಮಾತೇನೋ ಸುಲಭದ್ದು, ಲೆಕ್ಕವೂ ಸುಲಭದ್ದೇ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಅಂಗಳಕ್ಕೆ ಎರಡು ಇಂಚು ದಪ್ಪ ಹಾಸಿದರೆ ಸರಿಯಾಗಿ 100 ಘನ ಅಡಿ, ಅಂದರೆ ಒಂದು ಬ್ರಾಸ್. ಕಾಂಕ್ರೀಟಿನಂತೆ ಕಂಬಿ ಬೇಡ, ಸಿಮೆಂಟು ಬೇಡ, ವಾರಗಟ್ಟಲೆ ನೀರುಣಿಸುವುದು ಬೇಡ. ಬೆಳಿಗ್ಗೆ ಸುರುವಿ ಸಂಜೆ ಗಾಡಿ ನಿಲ್ಲಿಸಬಹುದು. ನಾಳೆ ನಲ್ಲಿಯ ಪೈಪು ಒಡೆದರೆ ಕಲ್ಲು ಸರಿಸಿ, ಅಗೆದು, ಮತ್ತೆ ಎಳೆದರಾಯಿತು. ರಾತ್ರಿ ಯಾರಾದರೂ ಕಾಂಪೌಂಡಿನೊಳಗೆ ಕಾಲಿಟ್ಟರೆ ಕರಕರ ಸದ್ದು ಒಳಗಿನವರನ್ನು ಎಬ್ಬಿಸುತ್ತದೆ.

ಎರೆಯ ಊರಿನಲ್ಲಿ ಜಲ್ಲಿಗೆ ಇನ್ನೂ ಒಂದು ದೊಡ್ಡ ಗುಣವಿದೆ. ಎರೆ ಸುಮ್ಮನಿರುವ ನೆಲವಲ್ಲ. ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಬಿಗಿಯಾಗಿ ಹಾಕಿದ ತೆಳು ಕಾಂಕ್ರೀಟು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸೀಳುವುದನ್ನು ಇಲ್ಲಿ ನೋಡದವರಿಲ್ಲ. ಬಿಡಿ ಕಲ್ಲಿಗೆ ಆ ಕಷ್ಟವಿಲ್ಲ. ನೆಲ ಎದ್ದರೆ ಏಳುತ್ತದೆ, ಇಳಿದರೆ ಇಳಿಯುತ್ತದೆ.

ಆದರೆ ಇಳಿಯುವುದು ಅಲ್ಲಿಗೇ ನಿಲ್ಲುವುದಿಲ್ಲ. ಹಸಿ ಎರೆಯ ಮೇಲೆ ನೇರವಾಗಿ ಸುರಿದ ಜಲ್ಲಿಯನ್ನು ಗಾಲಿಗಳು ದಿನಕ್ಕಿಷ್ಟು ಒಳಗೆ ಒತ್ತುತ್ತವೆ, ಕೆಳಗಿನ ಕೆಸರು ಕಲ್ಲಿನ ಸಂದುಗಳಲ್ಲಿ ಮೇಲೆ ಬರುತ್ತದೆ. ಮೂರನೆಯ ಮಳೆಗಾಲಕ್ಕೆ ಕಲ್ಲೂ ಇಲ್ಲ, ನೆಲವೂ ಇಲ್ಲ. ಎರಡರ ಕಲಸುಮೇಲೋಗರದ ಮೇಲೆ ಮತ್ತೊಂದು ಟ್ರ್ಯಾಕ್ಟರ್ ಬರುತ್ತದೆ. ಹೀಗೆ ವರ್ಷ ಬಿಟ್ಟು ವರ್ಷ ಕಲ್ಲು ಉಣಿಸುವ ಅಂಗಳವನ್ನು ಅಗ್ಗ ಎನ್ನಲಾಗದು. ಅದು ಕಂತಿನ ಸಾಲ.

ಜಲ್ಲಿ ಹಾಸಿದರೆ ಮಳೆನೀರು ನೆಲಕ್ಕೆ ಇಂಗುತ್ತದೆ ಎಂಬ ವಾದವನ್ನೂ ಇಲ್ಲಿ ಕುರುಡಾಗಿ ಒಪ್ಪಬಾರದು. ಅದೇ ಇಪ್ಪತ್ತು-ಮೂವತ್ತು ಅಡಿಯ ಅಂಗಳದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 550 ಲೀಟರಿಗೂ ಹೆಚ್ಚು ನೀರಾಗುತ್ತದೆ. ಗರಸು ನೆಲವಾದರೆ ಅದು ಕೆಳಗಿಳಿಯುವುದು ಪುಣ್ಯವೇ. ಎರೆಯಲ್ಲಿ ಅದು ಆಳಕ್ಕೆ ಹೋಗದೆ ಪಾಯದ ಬದಿಯಲ್ಲೇ ನಿಂತರೆ, ಉಬ್ಬುವ ಮಣ್ಣು ಗೋಡೆಯನ್ನೇ ಎತ್ತುತ್ತದೆ. ಕಾಂಕ್ರೀಟು ಬಿರಿದರೆ ಅಂಗಳವಷ್ಟೇ ಹಾಳು, ಇಲ್ಲಿ ಮನೆಯೇ ಬಿರುಕು ಬಿಟ್ಟೀತು. ಆದ್ದರಿಂದ ಜಲ್ಲಿಯ ಕೆಳಗಿನ ನೆಲಕ್ಕೆ ಮನೆಯಿಂದ ಹೊರಮುಖವಾಗಿ ವಾಟ ಇರಲೇಬೇಕು.

ಅಂದರೆ ‘ಜಲ್ಲಿ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಯೇ ಅರ್ಧದ್ದು. ಯಾವ ನೆಲದ ಮೇಲೆ ಎನ್ನುವುದು ಉಳಿದರ್ಧ. ಸ್ಕಾಟ್ಲೆಂಡಿನ ಮೆಕಾಡಮ್ 19ನೆಯ ಶತಮಾನದ ಆರಂಭದಲ್ಲಿ ರಸ್ತೆ ಮಾಡುವವರಿಗೆ ಹೇಳಿದ್ದೂ ಇದನ್ನೇ: ಭಾರ ಹೊರುವುದು ಕೆಳಗಿನ ನೆಲ, ಅದನ್ನು ಒಣಗಿಡುವುದೇ ಮೇಲಿನ ಕಲ್ಲಿನ ಕೆಲಸ. ಒಡೆದ, ಮೂಲೆಯುಳ್ಳ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹೊಳೆಯ ನುಣುಪು ಗುಂಡುಕಲ್ಲು ಕಣ್ಣಿಗೆ ಚಂದ, ಗಾಲಿಗೆ ಜಾರು.

ನೆಲ ನೋಡಿ ನೆಲೆ ಮಾಡುವುದು ಈ ಊರಿಗೆ ಹೊಸದೂ ಅಲ್ಲ. 1963ರಿಂದ 65ರವರೆಗೆ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಇಲ್ಲಿ ಉತ್ಖನನ ನಡೆಸಿದಾಗ ನೂತನ ಶಿಲಾಯುಗದ ಮನೆಗಳ ನೆಲೆ ಸಿಕ್ಕಿದ್ದು ಗುಡ್ಡಗಳ ಮೇಲೆ, ಬಂಡೆಗಳ ನಡುವೆ. ಅವರು ಮೇಲೇರಿದ್ದಕ್ಕೆ ಕಾರಣಗಳು ಹಲವಿರಬಹುದು. ಮಳೆಗಾಲದಲ್ಲಿ ಕಾಲಿಗೆ ಎರೆ ಹತ್ತದಿದ್ದುದೂ ಅವುಗಳಲ್ಲಿ ಒಂದಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ನಾವು ಬಯಲಿಗಿಳಿದು ಮನೆ ಕಟ್ಟಿ, ಈಗ ಬೇರೆಲ್ಲಿಯದೋ ಗುಡ್ಡವನ್ನು ಒಡೆದು ಟಿಪ್ಪರಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ. ಜಲ್ಲಿಯ ಬೆಲೆಯಲ್ಲಿ ಆ ಗುಡ್ಡದ ಬೆಲೆ ಸೇರಿರುವುದಿಲ್ಲ.

ಸೇರದ ಬೆಲೆ ಇನ್ನೊಂದಿದೆ, ಅದು ಮನೆಯೊಳಗಿನದು. ಅಂಗಳಕ್ಕೆ ಜಲ್ಲಿ ಸುರಿದು ಮೀಸೆ ತಿರುವುತ್ತಿದ್ದವನೊಬ್ಬನಿಗೆ ಪಕ್ಕದ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: ‘ಅಲ್ಲಪಾ, ನಾಳೆ ನಿನ್ನ ಹೆಂಡ್ತಿ ನೀರಿನ ಚಳೆ ಹೊಡೆಯೋದೆಲ್ಲಿ, ರಂಗೋಲಿ ಹಾಕೋದೆಲ್ಲಿ?’ ಇದು ಬರಿಯ ಸಂಪ್ರದಾಯದ ಮಾತಲ್ಲ. ನಮ್ಮಲ್ಲಿ ಅಂಗಳವೆಂದರೆ ಗಾಡಿ ನಿಲ್ಲಿಸುವ ಜಾಗ ಮಾತ್ರವಲ್ಲ. ಅಲ್ಲಿ ಮೆಣಸಿನಕಾಯಿ ಒಣಗಬೇಕು, ಅಕ್ಕಿ ಹಸನಾಗಬೇಕು, ಮುದುಕರು ಕೋಲೂರಿ ನಡೆಯಬೇಕು, ಅಂಬೆಗಾಲಿಡುವ ಕೂಸು ಆಡಬೇಕು. ಬೇವಿನೆಲೆ ಉದುರುವ ಕಾಲದಲ್ಲಿ ಜಲ್ಲಿಯ ಮೇಲೆ ಪೊರಕೆ ಆಡಿಸಿದರೆ ಎಲೆಗಿಂತ ಮೊದಲು ಕಲ್ಲೇ ಬರುತ್ತದೆ. ಬಗ್ಗಿ ಒಂದೊಂದೇ ಎಲೆ ಹೆಕ್ಕಬೇಕು. ಸಂದಿನಲ್ಲೆದ್ದ ಕರಿಕೆ ಕೀಳಬೇಕು. ಜಲ್ಲಿ ಹೊಡಿಸುವ ತೀರ್ಮಾನ ಒಬ್ಬರದು, ಬೆನ್ನು ಇನ್ನೊಬ್ಬರದು.

ಹಾಗಾದರೆ ಬೇಡವೇ? ಬೇಕು, ಆದರೆ ಅಂಗಳದ ಉದ್ದಗಲಕ್ಕೂ ಬೇಡ. ಗೇಟಿನಿಂದ ಗಾಡಿ ನಿಲ್ಲುವ ಜಾಗದವರೆಗೆ ಮಾತ್ರ ಎರೆಯನ್ನು ಅರ್ಧ ಅಡಿಯಾದರೂ ತೆಗೆದು, ಗರಸು ತುಂಬಿ ರೋಲರ್ ಹೊಡೆಸಿ, ಅಂಚಿಗೆ ಸೈಜುಗಲ್ಲು ಕೂರಿಸಿ, ಮೇಲೆ ತೆಳ್ಳಗೆ ಜಲ್ಲಿ ಹರಡಬೇಕು. ದಪ್ಪವಾದರೆ ಗಾಲಿ ಹೂತುಕೊಳ್ಳುತ್ತದೆ. ಬಾಗಿಲ ಮುಂದಿನ ಹತ್ತಡಿಗೆ ಸಂದು ಬಿಟ್ಟು ಚಪ್ಪಡಿ ಹಾಸಿದರೆ ಸಾಕು. ನೆಲ ಅಲುಗಿದರೆ ಎತ್ತಿ ಮತ್ತೆ ಕೂರಿಸಬಹುದು, ರಂಗೋಲಿಯೂ ಕೂರುತ್ತದೆ.

ಇಷ್ಟಕ್ಕೆ ಖರ್ಚು ಒಂದು ಟ್ರ್ಯಾಕ್ಟರಿಗಿಂತ ಹೆಚ್ಚೇ. ಟ್ರ್ಯಾಕ್ಟರಿನವನಿಗೆ ಫೋನ್ ಮಾಡುವ ಮೊದಲು ಎರಡು ಕೆಲಸ ಮಾಡಿದರೆ ಆ ಖರ್ಚು ಏಕೆ ಬೇಕೆಂದು ತಿಳಿಯುತ್ತದೆ. ಹಾರೆಯಿಂದ ಒಂದಡಿ ಅಗೆದು ಕೆಳಗೇನಿದೆ ನೋಡುವುದು ಒಂದು. ದಿನಾ ಪೊರಕೆ ಹಿಡಿಯುವವರನ್ನು ಕರೆದು ಕೇಳುವುದು ಇನ್ನೊಂದು.