ಅಡಕತ್ತರಿಯ ಬಾಯಿಗೆ ಕಲ್ಲು

ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿರುವ ಅಡಕತ್ತರಿಯನ್ನು ಮಕ್ಕಳು ಒಮ್ಮೆ ಕೈಗೆತ್ತಿಕೊಂಡು ನೋಡಲಿ. ಎರಡು ತೋಳು, ನಡುವೆ ಅಡಿಕೆಗೆ ಜಾಗ. ಅಲ್ಲಿ ಅಡಿಕೆಯ ಬದಲು ಅದೇ ಗಾತ್ರದ ಬೆಣಚುಕಲ್ಲು ಸಿಕ್ಕಿಸಿದರೆ? ಕಲ್ಲು ತುಂಡಾಗದು, ಕತ್ತರಿಗೆ ಬೇರೆ ಅಡಿಕೆಯೂ ಸಿಗದು. ಎಚ್.ಐ.ವಿ. ವೈರಸ್ಸಿನ ವಿರುದ್ಧ ವಿಜ್ಞಾನಿಗಳು ಹೂಡಿದ ಒಂದು ತಂತ್ರವೂ ಇಂಥದೇ.

ಜೀವಕೋಶವನ್ನು ಹೊಕ್ಕ ಈ ವೈರಸ್ಸು ತನಗೆ ಬೇಕಾದ ಹಲವು ಪ್ರೋಟೀನುಗಳನ್ನು ಒಂದೇ ಉದ್ದನೆಯ ಸರವಾಗಿ ಹೆಣೆಯಿಸುತ್ತದೆ. ಅದನ್ನು ತಕ್ಕ ಜಾಗದಲ್ಲಿ ತುಂಡರಿಸುವುದು ಪ್ರೋಟಿಯೇಸ್ ಎಂಬ ಕಿಣ್ವ. ತಲಾ 99 ಅಮೈನೋ ಆಮ್ಲಗಳ ಎರಡು ಪಡಿಯಚ್ಚುಗಳು ಕೂಡಿ ಆದ ಕತ್ತರಿ ಅದು. ಅದು ನಿಂತರೆ ಹುಟ್ಟುವ ಹೊಸ ವೈರಸ್ಸುಗಳು ಬಲಿಯದ ಕಾಯಿಗಳು, ಸೋಂಕು ಹರಡಲಾರವು.

ಇದರ ರಚನೆ 1989ರಲ್ಲಿ ಎಕ್ಸ್-ಕಿರಣಗಳಿಂದ ಬಯಲಾಯಿತು. ಆದರೆ ನಮ್ಮ ದೇಹದಲ್ಲೂ ಇಂಥ ಕತ್ತರಿಗಳಿವೆಯಲ್ಲ, ಅವುಗಳ ಬಾಯಿಗೂ ಕಲ್ಲು ಬಿದ್ದರೆ? ಇಲ್ಲೊಂದು ಸುಳಿವು ದೊರೆಯಿತು. ಪ್ರೋಲೀನ್ ಎಂಬ ಅಮೈನೋ ಆಮ್ಲದ ಹಿಂದಿನ ಕೊಂಡಿಯನ್ನು ವೈರಸ್ಸಿನ ಕತ್ತರಿ ಸಲೀಸಾಗಿ ಕಡಿಯುತ್ತದೆ. ನಮ್ಮವು ಸಾಮಾನ್ಯವಾಗಿ ಅದರ ತಂಟೆಗೆ ಹೋಗುವುದಿಲ್ಲ. ಆ ಕೊಂಡಿಯನ್ನೇ ಹೋಲುವ, ಆದರೆ ತುಂಡಾಗದ ಪುಟ್ಟ ಅಣುವನ್ನು ರಸಾಯನಶಾಸ್ತ್ರಜ್ಞರು ಕಟ್ಟಿದರು. ಅದೇ ಸಾಕ್ವಿನಾವಿರ್. 1995ರ ಡಿಸೆಂಬರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಫಜೀತಿ ಶುರುವಾದದ್ದು ಆಮೇಲೆ. ನುಂಗಿದ ಮದ್ದಿನಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ರಕ್ತಕ್ಕೆ ದಕ್ಕುತ್ತಿತ್ತು! ಕರುಳು ಹೀರಿಕೊಳ್ಳುವುದೇ ಕಡಿಮೆ, ಹೀರಿದ್ದನ್ನು ಯಕೃತ್ತು ಒಡೆದುಹಾಕುತ್ತಿತ್ತು. 1996ರಲ್ಲಿ ಬಂದ ರಿಟೊನಾವಿರ್ ಇದೇ ಜಾತಿಯ ಮದ್ದು. ಅದು ಯಕೃತ್ತಿನ ಈ ಕೆಲಸವನ್ನೂ ತಡೆಯುತ್ತದೆಂದು ತಿಳಿಯಿತು. ಸರಿ, ಅದನ್ನು ಚೂರೇ ಚೂರು ಜೊತೆಗಿಟ್ಟು ಬೇರೆ ಮದ್ದುಗಳನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಿದರು. ದೋಷವೇ ಗುಣವಾಯಿತು.

ನಮ್ಮ ದೇಶದಲ್ಲೂ ಈ ಕತ್ತರಿಯ ಅಧ್ಯಯನ ನಡೆದಿದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಎಂ.ವಿ. ಹೊಸೂರ್ ಮತ್ತು ಸಂಗಡಿಗರು ಅದರ ಎರಡು ಹೋಳುಗಳನ್ನು ಒಂದಕ್ಕೊಂದು ಗಂಟುಹಾಕಿ, ಹರಳಾಗಿಸಿ, ರಚನೆಯನ್ನು 2001ರಲ್ಲಿ ಪ್ರಕಟಿಸಿದರು.

ವೈರಸ್ಸಾದರೂ ಸುಮ್ಮನಿರುವುದೇ? ತನ್ನನ್ನು ನಕಲು ಮಾಡಿಕೊಳ್ಳುವಾಗ ಅದು ತಪ್ಪುಗಳನ್ನು ಮಾಡುತ್ತಲೇ ಇರುತ್ತದೆ. ಯಾವುದೋ ಒಂದು ತಪ್ಪಿನಿಂದ ಕತ್ತರಿಯ ಬಾಯಿ ಕೊಂಚ ಬದಲಾದರೆ ಕಲ್ಲು ಕೂರುವುದಿಲ್ಲ. ಅದಕ್ಕೇ ಬೇರೆ ಬೇರೆ ಕಡೆ ತಡೆಯೊಡ್ಡುವ ಮದ್ದುಗಳನ್ನು ಒಟ್ಟಿಗೆ ಕೊಡುವುದು. ಭಾರತ ಸರಕಾರ 2004ರ ಏಪ್ರಿಲ್‌ನಲ್ಲಿ ಉಚಿತ ಚಿಕಿತ್ಸೆ ಆರಂಭಿಸಿದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈಗ ಹೊಸದಾಗಿ ಚಿಕಿತ್ಸೆಗೆ ಸೇರುವ ಬಹುತೇಕ ವಯಸ್ಕರಿಗೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ. ಪ್ರೋಟಿಯೇಸಿಗೆ ಕಲ್ಲು ಹಾಕುವ ಮದ್ದುಗಳ ಸರದಿ ಸಾಮಾನ್ಯವಾಗಿ ಆಮೇಲೆ, ಮೊದಲಿನವು ಸೋತಾಗ.

ಕುಣಿಗಲ್ಲಿನಿಂದ ತುಮಕೂರಿನ ಆಸ್ಪತ್ರೆಗೆ ಮಾತ್ರೆಗಾಗಿ ಬಸ್ಸು ಹತ್ತುವವರಿಗೆ ಕತ್ತರಿಯ ಕಥೆ ತಿಳಿದಿರಬೇಕೆಂದಿಲ್ಲ. ಆದರೆ ಕೂಲಿ ಹೋಗುತ್ತದೆಂದೋ, ಯಾರಾದರೂ ನೋಡಿಯಾರೆಂದೋ ಅವರು ಮತ್ತೆ ಮತ್ತೆ ಬಸ್ಸು ತಪ್ಪಿಸಿಕೊಂಡರೆ, ಮದ್ದಿಲ್ಲದ ಆ ದಿನಗಳಲ್ಲಿ ವೈರಸ್ಸು ಮತ್ತೆ ನಕಲು ತೆಗೆಯಲು ಕೂರುತ್ತದೆ.